ಅಚೌರ್ಯಾಣುವ್ರತವೂ ಊರಹೊರಗಿನ ಕಲ್ಗುಪ್ಪೆಗಳೂ

ಒಡೆಯನು ಕೊಡದ ವಸ್ತುವನ್ನು ತೆಗೆದುಕೊಳ್ಳುವುದು ಕಳವು ಎಂಬುದನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಅದತ್ತಾದಾನವೆಂಬ ಶಬ್ದದ ಅರ್ಥವೇ ಅಷ್ಟು. ಆದರೆ ಒಡೆಯನೇ ಇಲ್ಲದ ವಸ್ತುವಾದರೆ? ಅವನು ಸತ್ತು ಎರಡು ಸಾವಿರಕ್ಕೂ ಹೆಚ್ಚು ವರ್ಷಗಳು ಸಂದು, ಅವನ ಹೆಸರಾಗಲಿ ಭಾಷೆಯಾಗಲಿ ವಂಶವಾಗಲಿ ಉಳಿಯದೆ, ವಸ್ತುವೊಂದೇ ಬಯಲಿನಲ್ಲಿ ಬಿದ್ದಿದ್ದರೆ? ಈ ಪ್ರಶ್ನೆ ನನಗೆ ಶಾಸ್ತ್ರಸ್ವಾಧ್ಯಾಯದಲ್ಲಿ ಹುಟ್ಟಿದ್ದಲ್ಲ. ಒಂದು ಬಿಲ್ಲಿಗೆ ಸಹಿ ಹಾಕಿದ್ದರಿಂದ ಹುಟ್ಟಿತು.

1991ರ ಬೇಸಿಗೆಯ ಮಾತು. ನಮ್ಮೂರಿನ ಬಸದಿಗೆ ಪ್ರಾಕಾರದ ಗೋಡೆ ಕಟ್ಟಿಸಬೇಕೆಂದು ಟ್ರಸ್ಟು ನಿರ್ಧರಿಸಿತ್ತು. ನಾನು ಆಗ ಮೂವತ್ತರ ಆಸುಪಾಸಿನವನು. ಅಡತಿ ಅಂಗಡಿಯ ಲೆಕ್ಕ ಬರೆದು ಪಳಗಿದ ಕೈಯೆಂದು ಹಿರಿಯರು ಖಜಾಂಚಿಯ ಕೆಲಸವನ್ನು ನನಗೆ ಒಪ್ಪಿಸಿದ್ದರು. ಖಣಿಯ ಕಲ್ಲು ತುಟ್ಟಿಯಾಗಿತ್ತು. ಗುತ್ತಿಗೆದಾರನು ಒಂದು ಉಪಾಯ ಹೇಳಿದನು: ಗುಡ್ಡದ ಬುಡದಲ್ಲಿ ಬಸದಿಯದೇ ಒಂದು ಬೀಳುಹೊಲವಿದೆ, ಅಲ್ಲಿ ಕಲ್ಲಿನ ಗುಪ್ಪೆಗಳು ಬಿದ್ದಿವೆ, ತಮ್ಮ ಹೊಲದ ಕಲ್ಲು ತಮ್ಮ ಗೋಡೆಗೆ, ಸಾಗಿಸುವ ಬಾಡಿಗೆಯನ್ನಷ್ಟೇ ಕೊಟ್ಟರೆ ಸಾಕು. ಸಭೆಯಲ್ಲಿ ಎಲ್ಲರೂ ತಲೆದೂಗಿದರು. ಎಲ್ಲರಿಗಿಂತ ಮೊದಲು ತಲೆದೂಗಿದವನು ನಾನೇ.

ಕೆಲಸ ನೋಡಲು ಒಂದು ದಿನ ಹೊಲಕ್ಕೆ ಹೋದೆ. ಆಳೆತ್ತರಕ್ಕಿಂತ ಸ್ವಲ್ಪ ಕಡಿಮೆಯ ಗುಪ್ಪೆಗಳು. ಒಂದೊಂದರ ಸುತ್ತಲೂ ದೊಡ್ಡ ಗುಂಡುಕಲ್ಲುಗಳನ್ನು ದುಂಡಗೆ ಇಟ್ಟ ಬಳೆ. ಕೂಲಿಯವರಲ್ಲಿ ಹಿರಿಯನಾದ ಒಬ್ಬನು ಹಾರೆಯನ್ನು ನೆಲಕ್ಕೆ ಊರಿ ನಿಂತಿದ್ದನು. ‘ಸಾವ್ಕಾರ್ರ, ಇವು ಮೋರ್ಯಾರ ಮನಿ ಅದಾವ್ರಿ. ಇವನ್ನ ಮುಟ್ಟೂದು ಬ್ಯಾಡ್ರಿ’ ಎಂದನು. ಬಸದಿಗೆ ಹೋಗುವ ಕಲ್ಲಪ್ಪಾ, ಎತ್ತಿದವನಿಗೆ ಪುಣ್ಯವೇ ಬರುತ್ತದೆ ಎಂದು ನಾನು ನಕ್ಕೆ. ಅವನು ಮರುದಿನ ಕೆಲಸಕ್ಕೆ ಬರಲಿಲ್ಲ. ಉಳಿದವರು ಬಂದರು. ಒಂದು ಗುಪ್ಪೆಯ ನಡುವೆ ಅಗೆದಾಗ ಒಳಗೆ ಕಪ್ಪು, ಹೊರಗೆ ಕೆಂಪು ಬಣ್ಣದ ಮಡಕೆಯ ಚೂರುಗಳು ಸಿಕ್ಕವು. ಅವುಗಳೊಡನೆ ಒಂದು ಬೊಗಸೆಯಷ್ಟು ಮೂಳೆ. ಗುತ್ತಿಗೆದಾರನು ಅದನ್ನು ಬುಟ್ಟಿಯಲ್ಲಿ ತುಂಬಿಸಿ ಹಳ್ಳಕ್ಕೆ ಸುರಿಸಿದನು. ನಾನು ನೋಡುತ್ತ ನಿಂತಿದ್ದೆ. ಆಮೇಲೆ ಇಪ್ಪತ್ತೆರಡು ಟ್ರ್ಯಾಕ್ಟರಿನ ಬಿಲ್ಲು ಬಂತು, ಸಹಿ ಹಾಕಿದೆ.

ಆ ಗುಪ್ಪೆಗಳು ಏನೆಂಬುದನ್ನು ತಿಳಿಯಲು ನನಗೆ ಹತ್ತು ವರ್ಷ ಹಿಡಿಯಿತು. ವ್ಯಾಪಾರದ ಕೆಲಸದ ಮೇಲೆ ಬಳ್ಳಾರಿ, ಚಳ್ಳಕೆರೆಗಳ ಕಡೆ ಹೋಗುತ್ತಿದ್ದವನು ಒಮ್ಮೆ ಪರಿಚಿತ ಉಪಾಧ್ಯಾಯರೊಬ್ಬರ ಒತ್ತಾಯದಿಂದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದೆ. ಅಶೋಕನ ಶಾಸನ ನೋಡುವುದು ನಮ್ಮ ಉದ್ದೇಶ. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಆ ಬಂಡೆಯ ಮೇಲೆ, ತಂದೆತಾಯಿಗಳ ಮಾತನ್ನು ನಡೆಸಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎಂಬ ಅರ್ಥದ ಮಾತುಗಳಿವೆ; ಕೊನೆಗೆ ಬರೆದವನ ಹೆಸರು ಚಪಡನೆಂದಿದೆ. ಇಪ್ಪತ್ತೆರಡು ಶತಮಾನಗಳ ಹಿಂದಿನ ಒಬ್ಬ ಗುಮಾಸ್ತನ ಹೆಸರು ಇಂದಿಗೂ ಓದಲು ಸಿಗುತ್ತದೆ. ಲೆಕ್ಕ ಬರೆದು ಬದುಕಿದ ನನಗೆ ಇದು ಬಹಳ ಹಿಡಿಸಿತು.

ಶಾಸನ ನೋಡಿ ಇಳಿಯುವಾಗ ಉಪಾಧ್ಯಾಯರು ಕೈಮಾಡಿ ಬಯಲನ್ನು ತೋರಿಸಿದರು. ನಮ್ಮ ಹೊಲದಲ್ಲಿದ್ದಂಥವೇ ಕಲ್ಲಿನ ಬಳೆಗಳು, ನಮ್ಮ ಹೊಲದಲ್ಲಿದ್ದಂಥವೇ ಗುಪ್ಪೆಗಳು. ಅವು ಕಬ್ಬಿಣವನ್ನು ಮೊದಲು ಬಳಸಿದ ಜನರ ಸಮಾಧಿಗಳೆಂದು ಅವರು ವಿವರಿಸಿದರು. ಮೈಸೂರಿನ ಎಂ. ಎಚ್. ಕೃಷ್ಣ ಅವರು ಅಲ್ಲಿ ಮೊದಲು ಅಗೆಸಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಹೆಚ್ಚು ವಿಸ್ತಾರವಾಗಿ ಉತ್ಖನನ ನಡೆಸಿದರು. ಗುಡ್ಡದ ಬುಡದಲ್ಲಿ ನಯಮಾಡಿದ ಕಲ್ಲುಕೊಡಲಿಯ ಜನರ ನೆಲೆ, ಅದರ ಮೇಲೆ ಕಬ್ಬಿಣದ ಜನರ ನೆಲೆ, ಬಯಲಿನಲ್ಲಿ ಅವರ ಸಮಾಧಿಗಳು, ಮೇಲೆ ಮೌರ್ಯರ ಬಂಡೆ. ಶಾಸನದಲ್ಲಿ ಇಸಿಲವೆಂದು ಕರೆದಿರುವ ಊರು ಇದೇ. ಹಳ್ಳದಾಚೆ ಸಿದ್ಧಾಪುರದಲ್ಲೂ ಜಟಿಂಗರಾಮೇಶ್ವರ ಬೆಟ್ಟದಲ್ಲೂ ಅದೇ ರಾಜಾಜ್ಞೆ. ಒಂದು ಕಣ್ಣಳತೆಯ ನೆಲದಲ್ಲಿ ಎಷ್ಟೊಂದು ಕಾಲ ಒಟ್ಟಿಗೆ ಕುಳಿತಿದೆ ಎಂದು ನನಗೆ ಆಶ್ಚರ್ಯವಾಯಿತು.

ಸಮಾಧಿಗಳ ಒಳಗಿನ ವಿಚಾರ ಕೇಳಿದ ಮೇಲೆ ಆ ಆಶ್ಚರ್ಯ ಬೇರೆ ಭಾವಕ್ಕೆ ತಿರುಗಿತು. ಮೇಲಿನ ಗುಪ್ಪೆಯ ಕೆಳಗೆ ನೆಲದಲ್ಲಿ ಕಣಶಿಲೆಯ ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ ಮಾಡಿದ ಕೋಣೆ, ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ, ಮೇಲೆ ಹೊದಿಕೆಗಲ್ಲು. ಒಳಗೆ ಮಡಕೆಗಳು, ಕಬ್ಬಿಣದ ಉಪಕರಣಗಳು, ಮೂಳೆಗಳು. ಹಲವೆಡೆ ಮೂಳೆಗಳು ಒಬ್ಬರವಲ್ಲ, ಪೂರ್ಣದೇಹದವೂ ಅಲ್ಲ. ಅಂದರೆ ಶವವನ್ನು ಬೇರೆಡೆ ಇಟ್ಟು, ಮಾಂಸವೆಲ್ಲ ಕರಗಿದ ಮೇಲೆ ಮೂಳೆಗಳನ್ನು ಆಯ್ದು ತಂದು ಇಲ್ಲಿ ಇರಿಸುತ್ತಿದ್ದರು. ಸಮೀಪದಲ್ಲೇ ಕೋಣೆಯಿಲ್ಲದ ಬೇರೆ ಬಗೆಯ ಗುಂಡಿಗಳಿದ್ದವು. ಶವಗಳನ್ನು ಮೊದಲು ಅವುಗಳಲ್ಲಿ ಇಡುತ್ತಿದ್ದಿರಬೇಕೆಂದು ವೀಲರ್ ಊಹಿಸಿದರು. ಸಾವಿನ ದಿನದ ಅಳು ಮುಗಿದು ತಿಂಗಳುಗಳಾದ ಮೇಲೆ ಮತ್ತೆ ಹೋಗಿ, ತಮ್ಮವರ ಮೂಳೆಗಳನ್ನು ಒಂದೊಂದಾಗಿ ಆಯ್ದು, ಮಡಕೆಗಳ ನಡುವೆ ಒಪ್ಪವಾಗಿ ಇಟ್ಟು, ಹಲವರು ಸೇರಿ ಎತ್ತಿದರೂ ಅಲುಗದಂಥ ಕಲ್ಲನ್ನು ಮುಚ್ಚಿದ ಜನ. ನಾವು ಹಳ್ಳಕ್ಕೆ ಸುರಿಸಿದ್ದು ಅಂಥದೊಂದು ಕೆಲಸವನ್ನು.

ವೀಲರ್ ಅವರು ಈ ಸಮಾಧಿಗಳ ಕಾಲವನ್ನು ಕ್ರಿ.ಪೂ. 200ರಿಂದ ಈಚೆಗೆ ಎಣಿಸಿದ್ದರು. ಅನಂತರ ಹಳ್ಳೂರಿನಲ್ಲಿ ನಡೆದ ಉತ್ಖನನದ ಕಾಲಮಾಪನದಿಂದ ನಮ್ಮ ನಾಡಿನ ಕಬ್ಬಿಣಯುಗ ಕ್ರಿ.ಪೂ. 1000ದವರೆಗೆ ಹಿಂದಕ್ಕೆ ಹೋಯಿತು. ಇಂಥ ನೆಲೆಗಳು ಕರ್ನಾಟಕದ ಉದ್ದಕ್ಕೂ ಇವೆ. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನಾಲ್ಕುನೂರರಷ್ಟು ಕಲ್ಮನೆಗಳಿವೆ. ಯುನೆಸ್ಕೋ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಅದು 2021ರಲ್ಲಿ ಸೇರಿತು. ಅಲ್ಲಿಯೂ ಜನರು ಅವನ್ನು ಮೋರೇರ ಮನೆಗಳೆಂದೇ ಕರೆಯುತ್ತಾರೆ. ಮೋರೇರು ಕುಳ್ಳರಾಗಿದ್ದರಂತೆ, ಆದುದರಿಂದ ಮನೆಗಳೂ ಗಿಡ್ಡವಂತೆ. ಕಥೆ ಎಂತಹದೇ ಇರಲಿ, ಅಲ್ಲಿ ಯಾರೋ ಇದ್ದಾರೆಂಬ ಅರಿವನ್ನು ಅದು ಇಷ್ಟು ಕಾಲ ಕಾಪಾಡಿದೆ. ಹಾರೆ ಊರಿ ನಿಂತ ಆ ಹಿರಿಯನಿಗೆ ಇದ್ದ ಅರಿವು ಬಿ.ಕಾಂ. ಓದಿದ ನನಗಿರಲಿಲ್ಲ.

ಇನ್ನು ಪ್ರಶ್ನೆಗೆ ಬರೋಣ. ನಾನು ಇದನ್ನು ಪ್ರಸ್ತಾಪಿಸಿದಾಗ ಸಹಧರ್ಮಿಗಳೊಬ್ಬರು ಕೊಟ್ಟ ಉತ್ತರ ಹಗುರವಾದುದಲ್ಲ. ‘ನಮ್ಮ ಸಿದ್ಧಾಂತದ ಪ್ರಕಾರ ಜೀವವು ದೇಹವನ್ನು ಬಿಟ್ಟ ಕೆಲವೇ ಸಮಯಗಳಲ್ಲಿ ಮುಂದಿನ ಗತಿಯನ್ನು ಸೇರುತ್ತದೆ. ಉಳಿದದ್ದು ಪುದ್ಗಲ. ಶ್ರಾದ್ಧವನ್ನೇ ಒಪ್ಪದ ನಾವು, ಬಿಟ್ಟುಹೋದ ಮೂಳೆಗೆ ಮನೆಯಿದೆ, ಆ ಮನೆಗೆ ಒಡೆಯನಿದ್ದಾನೆ ಎನ್ನುವುದು ಮಿಥ್ಯಾತ್ವವಾಗದೆ? ಸತ್ತವನಿಗೆ ಕಲ್ಲಿನಿಂದ ಏನಾಗಬೇಕಾಗಿದೆ?’

ಸತ್ತವನಿಗೆ ಏನೂ ಆಗಬೇಕಾಗಿಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ಆ ಜೀವ ಈ ಹೊತ್ತು ಎಲ್ಲಿದೆಯೋ, ಯಾವ ಪರ್ಯಾಯದಲ್ಲಿದೆಯೋ. ನಮ್ಮ ಗೋಡೆಯಿಂದ ಅದಕ್ಕೆ ನೋವಿಲ್ಲ. ಆದರೆ ನಮ್ಮ ಆಚಾರ್ಯರು ಕಳವಿನ ದೋಷವನ್ನು ಕಳೆದುಕೊಂಡವನ ನೋವಿನಿಂದ ಮಾತ್ರ ಅಳೆಯಲಿಲ್ಲ. ತೆಗೆದುಕೊಂಡವನ ಪ್ರಮಾದದಿಂದ ಅಳೆದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಚೌರ್ಯಾಣುವ್ರತವನ್ನು ಹೇಳುವಾಗ, ಪರರು ಇಟ್ಟುಹೋದದ್ದು, ಬೀಳಿಸಿಕೊಂಡದ್ದು, ಮರೆತುಬಿಟ್ಟದ್ದು ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾರೆ. ಬಿಟ್ಟುಕೊಡದಿದ್ದುದನ್ನು ತಾನು ತೆಗೆಯಕೂಡದು, ತೆಗೆದು ಇನ್ನೊಬ್ಬರಿಗೆ ಕೊಡಲೂ ಕೂಡದು. ನಾವು ಮಾಡಿದ್ದು ಈ ಎರಡನೆಯದನ್ನು: ತೆಗೆದು ದೇವರಿಗೆ ಕೊಟ್ಟೆವು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯಕ್ಕೆ ಪೂಜ್ಯಪಾದರು ಬರೆದ ಸರ್ವಾರ್ಥಸಿದ್ಧಿಯಲ್ಲಿ ಒಂದು ಸೊಗಸಾದ ಚರ್ಚೆಯಿದೆ. ಕೊಡದೆ ತೆಗೆದುಕೊಂಡದ್ದೆಲ್ಲ ಕಳವಾದರೆ, ಊರಿನ ಬೀದಿಯಲ್ಲಿ, ಹೆಬ್ಬಾಗಿಲಿನಲ್ಲಿ ನಡೆದುಹೋಗುವ ಮುನಿಗೂ ಆ ದೋಷ ತಗಲುವುದಿಲ್ಲವೇ ಎಂಬುದು ಶಂಕೆ. ಇಲ್ಲ, ಬೀದಿಯು ಎಲ್ಲರಿಗೂ ತೆರೆದುಬಿಟ್ಟದ್ದು ಎಂಬುದು ಸಮಾಧಾನ. ಅದಕ್ಕೆ ಸಾಕ್ಷಿಯಾಗಿ, ಮುಚ್ಚಿದ ಬಾಗಿಲುಗಳಲ್ಲಿ ಮುನಿಯು ಪ್ರವೇಶಿಸುವುದಿಲ್ಲ ಎನ್ನುತ್ತಾರೆ. ಇದನ್ನು ಓದಿದಾಗಲೆಲ್ಲ ನನಗೆ ಆ ಹೊದಿಕೆಗಲ್ಲು ನೆನಪಾಗುತ್ತದೆ. ಹೊಳೆಯ ದಡದ ಕಲ್ಲು ಬೀದಿಯಂತೆ. ಯಾರು ಎತ್ತಿದರೂ ಕೇಳುವವರಿಲ್ಲ. ಕೋಣೆಯ ಮೇಲೆ ಮುಚ್ಚಿ, ಸುತ್ತ ಬಳೆಯಿಟ್ಟು, ಮೇಲೆ ಗುಪ್ಪೆ ಪೇರಿಸಿದ ಕಲ್ಲು ಬಾಗಿಲು ಹಾಕಿಕೊಂಡ ಮನೆಯಂತೆ. ಬಾಗಿಲು ಹಾಕಿದವನು ಮತ್ತೆ ಬರಲಾರನೆಂಬುದರಿಂದ ಅದು ತೆರೆದ ಬಾಗಿಲಾಗುವುದಿಲ್ಲ.

ಹೊಲ ನಮ್ಮದೇ ಅಲ್ಲವೇ ಎಂಬ ಇನ್ನೊಂದು ವಾದವಿದೆ. ಪಹಣಿಯಲ್ಲಿ ಟ್ರಸ್ಟಿನ ಹೆಸರಿದೆ, ನಿಜ. ವ್ಯಾಪಾರಿಗಳಾದ ನಮಗೆ ಇದರ ಉತ್ತರ ಹೊರಗಿನಿಂದ ಬರಬೇಕಾಗಿಲ್ಲ. ಅಡತಿ ಅಂಗಡಿಯಲ್ಲಿ ರೈತನೊಬ್ಬನು ಹಣ ಬಿಟ್ಟುಹೋದನೆನ್ನಿ. ವರುಷಗಳು ಕಳೆದರೂ ಕೇಳಲು ಬರಲಿಲ್ಲ. ನಮ್ಮ ತಂದೆಯವರ ಕಾಲದ ಕಿರ್ದಿಯಲ್ಲಿ ಅಂಥ ಮೊತ್ತಗಳು ಅನಾಮತ್ತು ಖಾತೆಯಲ್ಲಿ ವರ್ಷದಿಂದ ವರ್ಷಕ್ಕೆ ಮುಂದೆ ಸಾಗುತ್ತಿದ್ದವು. ಅದನ್ನು ಲಾಭಕ್ಕೆ ಜಮೆ ಮಾಡೋಣವೆಂದು ನಾನು ಒಮ್ಮೆ ಹೇಳಿ ಬೈಸಿಕೊಂಡಿದ್ದೆ. ಪೆಟ್ಟಿಗೆ ನಮ್ಮದು, ಬೀಗ ನಮ್ಮದು, ಅಂಗಡಿ ನಮ್ಮದು. ಹಣ ಮಾತ್ರ ನಮ್ಮದಲ್ಲ. ನಮ್ಮ ಗ್ರಂಥಗಳು ನ್ಯಾಸಾಪಹಾರವೆಂದು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವುದು ಇದನ್ನೇ. ಇಟ್ಟವನು ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಅವನ ಮರೆವನ್ನು ನಮ್ಮ ಗಳಿಕೆ ಮಾಡಿಕೊಳ್ಳುವುದು. ಅದು ಕಳವಿನ ಪಟ್ಟಿಯಲ್ಲಿರದೆ ಸುಳ್ಳಿನ ಪಟ್ಟಿಯಲ್ಲಿದೆ ಎಂಬುದನ್ನು ವಾಚಕರು ಗಮನಿಸಬೇಕು.

ಹಾಗಾದರೆ ಸಮಾಧಿಯನ್ನು ಅಗೆದು ಮೂಳೆ ಎತ್ತಿದ ವೀಲರ್ ಅವರೇನು ಮಾಡಿದಂತಾಯಿತು ಎಂದು ಕೇಳಬಹುದು. ಇದನ್ನು ಕುರಿತು ನನ್ನ ಮನಸ್ಸು ಪೂರ್ಣ ಸ್ವಚ್ಛವಾಗಿಲ್ಲ. ಯಾವ ಮಡಕೆ ಎಲ್ಲಿತ್ತು, ಯಾವ ಮೂಳೆ ಯಾವ ದಿಕ್ಕಿಗಿತ್ತು ಎಂಬುದನ್ನು ಬರೆದಿಟ್ಟು ಲೋಕಕ್ಕೆ ಒಪ್ಪಿಸುವವನು ಲೆಕ್ಕ ತಪಾಸಣೆ ಮಾಡುವವನಂತೆ; ಪೆಟ್ಟಿಗೆ ತೆರೆದನೆಂದು ಅವನನ್ನು ಕಳ್ಳನೆನ್ನಲಾಗದು. ಆದರೂ ಮ್ಯೂಸಿಯಂಗಳ ಗಾಜಿನ ಪೆಟ್ಟಿಗೆಯಲ್ಲಿ ನಂಬರು ಹಚ್ಚಿದ ತಲೆಬುರುಡೆ ಕಂಡಾಗ ನಾನು ಹೆಚ್ಚು ಹೊತ್ತು ನಿಲ್ಲಲಾರೆ.

ಇಲ್ಲಿ ನಮ್ಮದೇ ಒಂದು ಸ್ಥಳದ ಮಾತು ಹೇಳಬೇಕು. ಐಹೊಳೆಯ ಮೇಗುತಿ ಬಸದಿಯನ್ನು ನಮ್ಮ ಕುಟುಂಬಗಳಲ್ಲಿ ಅನೇಕರು ನೋಡಿದ್ದೀರಿ. ಶಕವರ್ಷ 556, ಎಂದರೆ ಕ್ರಿ.ಶ. 634ರಲ್ಲಿ, ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ರವಿಕೀರ್ತಿಯು ಅದನ್ನು ಕಟ್ಟಿಸಿ, ಗೋಡೆಯ ಮೇಲೆ ತಾನೇ ರಚಿಸಿದ ಪ್ರಶಸ್ತಿಯನ್ನು ಕೆತ್ತಿಸಿದನು. ಕಾಳಿದಾಸ ಭಾರವಿಗಳಿಗೆ ತಾನು ಸಮನೆಂದು ಹೇಳಿಕೊಳ್ಳಲು ಅವನಿಗೆ ಸಂಕೋಚವಿರಲಿಲ್ಲ. ಯಾತ್ರಿಕರು ಪ್ರಶಸ್ತಿಯನ್ನು ನೋಡಿ, ಫೋಟೋ ತೆಗೆಸಿಕೊಂಡು ಇಳಿದುಬಿಡುತ್ತಾರೆ. ನಾನೂ ಎರಡು ಸಲ ಹಾಗೆಯೇ ಇಳಿದವನು. ಮೂರನೆಯ ಸಲ ಬಸದಿಯ ಹಿಂದಕ್ಕೆ ನಡೆದೆ. ಅದೇ ಗುಡ್ಡದ ನೆತ್ತಿಯಲ್ಲಿ ಕಲ್ಮನೆಗಳಿವೆ. ಮೂರು ಕಡೆ ಚಪ್ಪಡಿ, ಮೇಲೊಂದು ಹಾಸು, ಕೆಲವಕ್ಕೆ ಮುಂದಿನ ಕಲ್ಲಿನಲ್ಲಿ ಕಿಂಡಿ. ನಲವತ್ತಕ್ಕೂ ಹೆಚ್ಚು. ಅಲ್ಲಿಯೂ ಮೋರೇರ ಮನೆ ಎಂದೇ ಹೆಸರು.

ಬಸದಿ ಕಟ್ಟಿದವರಿಗೆ ಈ ಚಪ್ಪಡಿಗಳು ಕೈಗೆಟಕುವಷ್ಟು ಹತ್ತಿರದಲ್ಲಿದ್ದವು. ಒಡೆದು, ಸೀಳಿ, ಹದವಾಗಿ ಸಿದ್ಧವಾಗಿದ್ದ ಕಲ್ಲು. ಮರಳುಗಲ್ಲಿನ ಗುಡ್ಡದಲ್ಲಿ ಕಲ್ಲಿಗೆ ಬರವಿರಲಿಲ್ಲ, ಆದುದರಿಂದ ಮುಟ್ಟಲಿಲ್ಲ ಎನ್ನಬಹುದು. ಶಿಲ್ಪಿಗಳ ಮನಸ್ಸಿನಲ್ಲಿದ್ದುದನ್ನು ನಾನು ಹೇಳಹೊರಡುವುದಿಲ್ಲ. ಕಣ್ಣಿಗೆ ಕಾಣುವುದಿಷ್ಟು: ಜಿನಾಲಯ ಎದ್ದಿತು, ಅದರ ಬೆನ್ನಿಗೆ ಆ ಹೆಸರಿಲ್ಲದವರ ಮನೆಗಳು ಇಂದಿಗೂ ಇವೆ. ನಮ್ಮೂರ ಬಸದಿ ರವಿಕೀರ್ತಿಯ ಬಸದಿಗಿಂತ ದೊಡ್ಡದೇನೂ ಅಲ್ಲ.

ನಮ್ಮವರ ನಿಷಿಧಿಗಳ ವಿಚಾರದಲ್ಲಿ ನಾವು ಎಷ್ಟು ಸೂಕ್ಷ್ಮರು ಎಂಬುದನ್ನೂ ನೆನೆಯಬೇಕು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಕ್ರಿ.ಶ. 600ರ ಸುಮಾರಿನಿಂದಲೂ ಸಲ್ಲೇಖನದಿಂದ ದೇಹತ್ಯಾಗ ಮಾಡಿದವರ ಸ್ಮರಣೆಯನ್ನು ಬಂಡೆಗೆ ಒಪ್ಪಿಸಿದ್ದೇವೆ. ಹಳ್ಳಿಗಳಲ್ಲಿ ನಿಷಿಧಿಗಲ್ಲೊಂದು ಬಟ್ಟೆ ಒಗೆಯುವ ಹಾಸುಗಲ್ಲಾಗಿದೆ ಎಂದು ಕೇಳಿದರೆ ನಮಗೆ ಕಣ್ಣು ಕೆಂಪಾಗುತ್ತದೆ. ಅಂಥ ದೂರುಗಳನ್ನು ಬರೆದವರಲ್ಲಿ ನಾನೂ ಒಬ್ಬ. ಕೊಳ್ಳುವುದಕ್ಕೆ ಒಂದು ತೂಕ, ಮಾರುವುದಕ್ಕೆ ಇನ್ನೊಂದು ತೂಕ ಇಟ್ಟುಕೊಳ್ಳುವುದು ಅಚೌರ್ಯವ್ರತದ ಅತಿಚಾರವೆಂದು ತಕ್ಕಡಿ ಹಿಡಿದ ನಮ್ಮ ಸಮಾಜಕ್ಕೆ ಪುನಃ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಈಗ ಬರೆಯಲು ಕಾರಣವಿದೆ. ಅದೇ ಹೊಲದಲ್ಲಿ ಯಾತ್ರಿನಿವಾಸ ಕಟ್ಟಬೇಕೆಂಬ ಯೋಜನೆ ಟ್ರಸ್ಟಿನ ಮುಂದಿದೆ. ಆಗ ಎಷ್ಟು ಗುಪ್ಪೆಗಳಿದ್ದವೆಂದು ಎಣಿಸಿದವರಿಲ್ಲ. ಈಗ ಹನ್ನೊಂದು ಉಳಿದಿವೆ. ನಕಾಶೆಯ ಪ್ರಕಾರ ಆರು ಗುಪ್ಪೆಗಳು ಕಟ್ಟಡದ ಕೆಳಗೆ ಹೋಗುತ್ತವೆ. ನಾನು ಹಳೆಯ ಕಥೆಯನ್ನು ಸಭೆಯಲ್ಲಿ ಹೇಳಿದೆ. ವಿರೋಧ ಬರಬಹುದೆಂದು ಸಿದ್ಧನಾಗಿ ಹೋಗಿದ್ದೆ; ಬಂದದ್ದು ಬೇರೆಯೇ. ನಮ್ಮ ಕಿರಿಯ ಸದಸ್ಯರೊಬ್ಬರು, ಬಹಳ ಉತ್ಸಾಹಿಗಳು, ಬ್ರಹ್ಮಗಿರಿಯ ಸಮಾಧಿಕೋಣೆಗಳ ನಕ್ಷೆಯನ್ನು ಎಲ್ಲೋ ನೋಡಿದ್ದರು. ನಾಲ್ಕು ಚಪ್ಪಡಿಗಳು ಒಂದನ್ನೊಂದು ದಾಟಿ ಚಾಚಿಕೊಂಡು ಸ್ವಸ್ತಿಕದ ಆಕಾರದಲ್ಲಿವೆ. ‘ಅಂದರೆ ಇವರು ಜೈನರೇ! ಪ್ರಾಚೀನ ಜೈನ ಮುನಿಗಳ ನಿಷಿಧಿ ಎಂದು ಫಲಕ ಹಾಕಿಸೋಣ. ಗುಪ್ಪೆಗಳೂ ಉಳಿಯುತ್ತವೆ, ಯಾತ್ರಿಕರೂ ಬರುತ್ತಾರೆ’ ಎಂದರು. ಅರ್ಧ ಸಭೆಗೆ ಅದು ರುಚಿಸಿತು.

ಅವರ ಉದ್ದೇಶ ಒಳ್ಳೆಯದು. ಆದರೆ ಆ ಆಕಾರ ಕಟ್ಟುವವನ ಜಾಣ್ಮೆಯಿಂದ ಬಂದದ್ದು: ಒಂದು ಚಪ್ಪಡಿ ಇನ್ನೊಂದಕ್ಕೆ ಒರಗಿ ನಿಂತರೆ, ಹೊರಗಿನ ಮಣ್ಣು ಒತ್ತಿದಷ್ಟೂ ಅವು ಬಿಗಿಯುತ್ತವೆ, ಒಳಕ್ಕೆ ಬೀಳುವುದಿಲ್ಲ. ಇಂಥ ಕೋಣೆಗಳಲ್ಲಿ ಬಾಣದ ಮೊನೆಗಳು ಸಿಕ್ಕಿವೆ, ಪ್ರಾಣಿಗಳ ಮೂಳೆಗಳೂ ಸಿಕ್ಕಿವೆ. ಬೇಟೆಯಾಡಿದವರು, ದನ ಕಾಯ್ದವರು, ಕಬ್ಬಿಣ ಕಾಯಿಸಿದವರು. ಅವರನ್ನು ಅಹಿಂಸಾವ್ರತಿಗಳಾದ ಮುನಿಗಳೆಂದು ಬರೆಸಿದರೆ, ನಮಗೂ ಅವರಿಗೂ ಕೂಡಿಯೇ ಸುಳ್ಳು ಹೇಳಿದಂತಾಗುತ್ತದೆ. ಅವರ ಕಲ್ಲನ್ನು ನಾನು 1991ರಲ್ಲಿ ಒಯ್ದೆ. ಉಳಿದಿರುವುದು ಅವರು ಅವರಾಗಿಯೇ ಇದ್ದರೆಂಬುದೊಂದು. ಅದನ್ನೂ ಒಯ್ಯಬೇಕೆ? ‘ನಮ್ಮವರಲ್ಲದಿದ್ದರೆ ಏಕೆ ಕಾಯಬೇಕು?’ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಅನಾಮತ್ತು ಖಾತೆಯಲ್ಲಿದ್ದ ರೈತರೂ ನಮ್ಮವರಾಗಿರಲಿಲ್ಲ ಎಂದೆ. ಅವರು ನಕ್ಕರು, ಒಪ್ಪಿದರೋ ತಿಳಿಯದು.

ಕಟ್ಟಡವನ್ನು ರಸ್ತೆಯ ಕಡೆಗೆ ನೂರು ಅಡಿ ಸರಿಸಿದರೆ ಹನ್ನೊಂದೂ ಗುಪ್ಪೆಗಳು ಉಳಿಯುತ್ತವೆ. ಬಾವಿಯನ್ನು ಬೇರೆಡೆ ತೋಡಿಸಬೇಕಾಗುತ್ತದೆ, ಖರ್ಚು ಹೆಚ್ಚಾಗುತ್ತದೆ. ಆ ಹೆಚ್ಚಿನ ಖರ್ಚಿನಲ್ಲಿ ನನ್ನ ಪಾಲನ್ನು ನಾನು ಬರೆದುಕೊಟ್ಟಿದ್ದೇನೆ. ಅದನ್ನು ದಾನವೆಂದು ರಸೀದಿ ಹಾಕಬಾರದೆಂದು ಖಜಾಂಚಿಗಳಿಗೆ ಹೇಳಿದ್ದೇನೆ. ಯಾವ ತಲೆಯಡಿ ಹಾಕಬೇಕೆಂದು ಅವರು ಇನ್ನೂ ಯೋಚಿಸುತ್ತಿದ್ದಾರೆ. ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸಿ ನೆಲವನ್ನು ತೋರಿಸಬೇಕೆಂಬ ಸೂಚನೆಯನ್ನೂ ಕೊಟ್ಟಿದ್ದೇನೆ. ಹಾಗೆ ಮಾಡಿದರೆ ಹೊಲ ಕೈತಪ್ಪುವುದೆಂದು ಕೆಲವರಿಗೆ ಭಯ. ಪ್ರಾಕಾರದ ಗೋಡೆಯಲ್ಲಿ ಸೇರಿಹೋದ ಕಲ್ಲುಗಳನ್ನು ಕಿತ್ತು ಹಿಂದಿರುಗಿಸೆಂದು ನಾನು ಹೇಳುತ್ತಿಲ್ಲ. ಯಾವುದು ಯಾವ ಗುಪ್ಪೆಯದೆಂದು ಗುರುತಿಸುವವರು ಯಾರು? ಪಶ್ಚಿಮದ ಗೋಡೆಯಲ್ಲಿ, ಹೂವಿನ ಗಿಡದ ಹಿಂದೆ, ಒಂದು ಚಪ್ಪಡಿಯ ಅಂಚಿನಲ್ಲಿ ಅರೆವೃತ್ತಾಕಾರದ ಕಚ್ಚು ಇದೆ. ಒಡೆದ ಕಿಂಡಿಯ ಅರ್ಧ. ದರ್ಶನಕ್ಕೆ ಹೋದಾಗಲೆಲ್ಲ ಅದು ನನ್ನ ಕಣ್ಣಿಗೆ ಬೀಳುತ್ತದೆ.

ಫಲಕಕ್ಕೆ ನಾನು ಬರೆದುಕೊಟ್ಟ ಮಾತು ಹೀಗಿದೆ: ‘ಇಲ್ಲಿ ಕಬ್ಬಿಣಯುಗದ ಜನರ ಸಮಾಧಿಗಳಿವೆ. ಇವರ ಹೆಸರು ಉಳಿದಿಲ್ಲ. 1991ರಲ್ಲಿ ಇವುಗಳ ಕಲ್ಲನ್ನು ಬಸದಿಯ ಗೋಡೆಗೆ ಒಯ್ಯಲಾಯಿತು. ಉಳಿದವನ್ನು ಮುಟ್ಟಬೇಡಿ.’ ಮೂರನೆಯ ವಾಕ್ಯವನ್ನು ತೆಗೆಯಬೇಕೆಂದು ಅಧ್ಯಕ್ಷರ ಅಭಿಪ್ರಾಯ. ಟ್ರಸ್ಟಿನ ಗೌರವದ ಪ್ರಶ್ನೆಯೆನ್ನುತ್ತಾರೆ. ಮಹಾವೀರ ನಿರ್ವಾಣೋತ್ಸವದ ನಂತರದ ಸಭೆಯಲ್ಲಿ ಅದು ತೀರ್ಮಾನಕ್ಕೆ ಬರಲಿದೆ.